ಎಂಟು ಟ್ಯೂಲಿಪ್ ಹೂಗಳು

"ಅಯ್ಯೋ ದೇವರೇ, ಎಂಟು!" ವಿಭಾಗದ ಗುಮಾಸ್ತೆ ವಿಯೊರಿಕಾ ಹೂದಾನಿಯ ಮುಂದೆ ನಿಂತು ಮತ್ತೊಮ್ಮೆ ಎಣಿಸಿದಳು. "ಪರಿಶೀಲನೆಗೆ ಬರೋರ ಮೇಜಿನ ಮೇಲೆ ಎಂಟು ಹೂವಾ? ಸಮಸಂಖ್ಯೆ ಹೂ ಹೆಣದ ಮುಂದೆ ಇಡೋದು, ಬದುಕಿರೋರಿಗೆ ಬೆಸ! ಯಾವ ಜಾಣರು ತಂದಿದ್ದು?"

"ನಮ್ಮ ಮಕ್ಕಳೇ ಅಕ್ಕಾ. ಒಬ್ಬೊಬ್ಬರು ಒಂದೊಂದು ಬಣ್ಣದ್ದು ತಂದ್ರು," ಎಂದರು ಸ್ಮರಾಂದಾ ಬುಜೋರ್. ಹಳೆಯ ಸಿರಿಲಿಕ್ ಲಿಪಿಯ ರುಮೇನಿಯನ್ ಹಸ್ತಪ್ರತಿಗಳನ್ನು ಓದಲು ಕಲಿಸುವ ಎಂ.ಎ. ಕೋರ್ಸ್ ಅವರದು. ಇದ್ದದ್ದು ಎಂಟೇ ವಿದ್ಯಾರ್ಥಿಗಳು. ಕೋರ್ಸ್ ಉಳಿಯುತ್ತದೋ ಮುಚ್ಚುತ್ತದೋ ಎನ್ನುವುದು ಇವತ್ತು ಬರುವವರ ವರದಿಯ ಮೇಲಿತ್ತು.

"ಇನ್ನೂರು ವರ್ಷದ ಹಿಂದಿನ ಅಕ್ಷರ ಓದ್ತಾರೆ, ಎಂಟರವರೆಗೆ ಎಣಿಸೋಕೆ ಬರಲ್ಲ! ಒಂದನ್ನ ತೆಗೆದುಬಿಡ್ತೀನಿ."

"ಯಾರದನ್ನ ತೆಗೀತೀರಿ? ಎಂಟು ಜನರೂ ಇಲ್ಲೇ ಬಂದು ಕೂರ್ತಾರೆ. ತಮ್ಮ ಹೂವೆಲ್ಲಿ ಅಂತ ನೋಡಲ್ವಾ?"

ವಿಯೊರಿಕಾ ಕೈ ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಪರಿಶೀಲನಾ ತಂಡದ ಅಧ್ಯಕ್ಷೆ, ಬೇರೆ ಊರಿನ ಪ್ರೊಫೆಸರ್ ಒಲಿಂಪಿಯಾ ಹಿಂಕು ಒಳಬಂದರು. ಹಿಂದೆ ಬೆಲ್ಜಿಯಂನಿಂದ ಬಂದ ಸದಸ್ಯರೊಬ್ಬರು. "ಮೊದಲೇ ಹೇಳಿಬಿಡ್ತೀನಿ," ಎಂದರು ಒಲಿಂಪಿಯಾ ಕೂರುತ್ತಾ. "ರಾಜಧಾನಿಯ ಮಂಡಳಿ ಸೇರೋಕೆ ಎರಡು ತಿಂಗಳಿದೆ. ಅಲ್ಲಿವರೆಗೆ ಫಲಿತಾಂಶದ ಬಗ್ಗೆ ನಾನು ಒಂದು ಮಾತೂ ಆಡೋ ಹಾಗಿಲ್ಲ. ಕೇಳಬೇಡಿ."

ಕೇಳಿದವರು ಅವರೇ. ಕಳೆದ ವರ್ಷ ಮುಗಿಸಿದವರು ಎಷ್ಟು ಜನ? ಆರು. ಈಗ ಎಲ್ಲಿದ್ದಾರೆ? "ಇಬ್ಬರು ಪತ್ರಾಗಾರದಲ್ಲಿ, ಒಬ್ಬಳು ವಸ್ತುಸಂಗ್ರಹಾಲಯದಲ್ಲಿ, ಒಬ್ಬ ಮಠ ಸೇರಿದ. ಒಬ್ಬ ಕನ್ನಡಕ ಮಾರ್ತಾನೆ," ಎಂದರು ಸ್ಮರಾಂದಾ. "ಆರನೆಯವಳು ಎಲ್ಲಿದ್ದಾಳೋ ಗೊತ್ತಿಲ್ಲ." ಸುಳ್ಳು ಹೇಳಬಹುದಿತ್ತು. ಬೆಲ್ಜಿಯಂನವರು ಎಲ್ಲವನ್ನೂ ಬರೆದುಕೊಂಡರು. ವಿದ್ಯಾರ್ಥಿಗಳ ಸಂಖ್ಯೆಯ ಮುಂದೆ ಕೆಂಪು ಗೆರೆ ಎಳೆದರು.

ಆಮೇಲೆ ವಿದ್ಯಾರ್ಥಿಗಳು ಬಂದರು. ಈ ಕೋರ್ಸಿನಿಂದ ಏನು ಪ್ರಯೋಜನವೆಂದು ಕೇಳಿದಾಗ ಏಳು ಜನ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು. ಕೊನೆಯವಳು ರುಕ್ಸಾಂದ್ರಾ. ಅವಳ ಕಣ್ಣು ಹೂದಾನಿಯಲ್ಲಿದ್ದ ತನ್ನ ಹಳದಿ ಹೂವಿನ ಮೇಲಿತ್ತು. "ನಮ್ಮೂರ ಚರ್ಚಿನ ಹಳೇ ನೋಂದಣಿ ಪುಸ್ತಕ ಓದೋಕೆ ಪಾದ್ರಿಗೂ ಬರಲ್ಲ ಮೇಡಂ. ನಾನು ಓದಿದೆ. ನಮ್ಮಜ್ಜಿಯ ಮುತ್ತಜ್ಜಿ ಹೆಸರು ಸಿಕ್ತು. ಅಜ್ಜಿಗೆ ಓದಿ ಹೇಳಿದೆ," ಎಂದು ನಿಲ್ಲಿಸಿದಳು. ಒಲಿಂಪಿಯಾ ಪೆನ್ನು ಕೆಳಗಿಟ್ಟು, ಆ ಹೆಸರೇನೆಂದು ಕೇಳಿದರು. ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಸಂಜೆ ವಿದ್ಯಾರ್ಥಿಗಳು ಹೋದ ಮೇಲೆ ಒಲಿಂಪಿಯಾ ಕೋಟು ತೊಟ್ಟು ಎದ್ದರು. ಮೇಜಿನ ಬಳಿ ನಿಂತರು. ಅವರ ತುಟಿ ಮೆಲ್ಲಗೆ ಅಲುಗಿತು. ಎಣಿಸುತ್ತಿದ್ದಾರೆಂದು ಸ್ಮರಾಂದಾಗೆ ತಿಳಿಯಿತು, ತಲೆ ತಗ್ಗಿಸಿದರು.

ಒಲಿಂಪಿಯಾ ಆ ಹಳದಿ ಹೂವನ್ನು ಎಳೆದುಕೊಂಡು ನೀರು ಕೊಡವಿದರು.

"ಉಡುಗೊರೆ ತಗೊಳ್ಳೋ ಹಾಗಿಲ್ಲ ಅಂತ ನಿಯಮ ಇದೆಯಲ್ಲಾ ಪ್ರೊಫೆಸರ್," ಎಂದು ಬೆಲ್ಜಿಯಂನವರು ನಕ್ಕರು.

"ಬರ್ಕೊಳ್ಳಿ. ಒಂದು ಹೂ," ಎಂದು ಅದನ್ನು ಕೋಟಿಗೆ ಸಿಕ್ಕಿಸಿಕೊಂಡು, ಸ್ಮರಾಂದಾ ಕಡೆ ತಿರುಗದೆ ಹೊರಟುಹೋದರು.

ವಿಯೊರಿಕಾ ಒಳಬಂದು ಉಳಿದವನ್ನು ಎಣಿಸಿದಳು. ಏಳು, ಬೆಸಸಂಖ್ಯೆ. ಹೂದಾನಿಯನ್ನು ಎತ್ತಿಕೊಂಡು ಹೊಸ ನೀರು ಹಾಕಲು ನಲ್ಲಿಯ ಕಡೆ ಹೋದಳು.