ಬಿಟ್ಟುಹೋದ ಕಾಲಾಳು

ಯುದ್ಧದ ಕಾಲ. ಅಣ್ಣಾಜಿರಾಯರು ಕಾರ್ಡಿನಲ್ಲಿ ಬರೆದು ಕಳಿಸಿದ್ದ ಚದುರಂಗದ ಸಮಸ್ಯೆ, ಗೆಳೆಯ ಪಾಂಡುರಂಗನ ಮನೆಯಲ್ಲಿ ಪೊಲೀಸರ ಕೈಗೆ ಸಿಕ್ಕಿತ್ತು. ಅವರು ರಾಯರನ್ನು ಠಾಣೆಗೆ ಕರೆಸಿದರು.

“ಇದು ಶತ್ರುಗಳಿಗೆ ಕಳಿಸೋ ಗುಪ್ತ ಸಂದೇಶ ತಾನೇ? ಇದಕ್ಕೆ ಗಲ್ಲು, ಗೊತ್ತಲ್ಲ?” ಎಂದ ಇನ್ಸ್‌ಪೆಕ್ಟರ್.

“ಅಯ್ಯೋ, ಬರೀ ಆಟ ಸ್ವಾಮಿ. ಬಿಳಿ ಕಾಯಿಯವನು ಎರಡೇ ನಡೆಯಲ್ಲಿ ಗೆಲ್ಲಬೇಕು. ಇಪ್ಪತ್ತು ವರ್ಷದಿಂದ ನಾನು ಹೆಣೀತೀನಿ, ಪಾಂಡುರಂಗ ಬಿಡಿಸ್ತಾನೆ.”

“ನಮ್ಮ ಪರಿಣತರು ಮೂರು ದಿನ ತಲೆ ಕೆಡಿಸಿಕೊಂಡರು. ಗೆಲ್ಲೋ ದಾರಿಯೇ ಇಲ್ಲವಂತೆ.”

ರಾಯರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಿಳಿಯ ಒಂದು ಕಾಲಾಳನ್ನು ಬರೆಯುವುದೇ ಮರೆತುಹೋಗಿತ್ತು. ಅದನ್ನು ಬರೆದು, ಎರಡು ನಡೆಯಲ್ಲಿ ಗೆಲುವನ್ನು ತೋರಿಸಿಕೊಟ್ಟರು.

“ಅಂದರೆ, ಈ ಕಾಲಾಳು ಇಲ್ಲದೆ ಯಾರಿಗೂ ಬಿಡಿಸೋಕೆ ಆಗೋದಿಲ್ಲ?”

“ಬ್ರಹ್ಮ ಬಂದರೂ ಆಗೋದಿಲ್ಲ ಸ್ವಾಮಿ!” ರಾಯರಿಗೆ ಹೋದ ಜೀವ ಬಂದಂತಾಯಿತು.

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಆಮೇಲೆ ಅಂಚೆಯಲ್ಲಿ ತಡೆಹಿಡಿದಿದ್ದ, ಇದೇ ಕಾರ್ಡಿಗೆ ಪಾಂಡುರಂಗ ಬರೆದಿದ್ದ ಉತ್ತರವನ್ನು ಡ್ರಾಯರಿನಿಂದ ತೆಗೆದು ನಿಧಾನವಾಗಿ ಓದಿದ:

“‘ಬಿಡಿಸಿದೆ ಅಣ್ಣಾಜಿ. ಎಂದಿನಂತೆ ಎರಡೇ ನಡೆ, ಎಂದಿನಂತೆ ಅದ್ಭುತ.’”