ಅವ್ವನ ಠರಾವು

ಮಿರ್ಚಿ ಭಜಿಯ ವಾಸನೆ ಬಂದರೆ ಈಗಲೂ ನನಗೆ ಮುರಗೋಡದ ಹತ್ತಿರದ ನಮ್ಮೂರ ಪಂಚಾಯ್ತಿ ಸಭೆಯೇ ನೆನಪಾಗುತ್ತದೆ.

ಆರಿಸಿ ಬಂದ ಸದಸ್ಯೆ ಅವ್ವ. ಆದರೆ ಸಭೆಗೆ ಹೋಗಿ, ಕೈ ಎತ್ತಿ, ಭಜಿ ತಿಂದು ಬರುತ್ತಿದ್ದವನು ಅಪ್ಪ. ಆ ಮಧ್ಯಾಹ್ನ ಅವ್ವ ಇಳಕಲ್ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಬಂದು, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕುಳಿತೇಬಿಟ್ಟಳು.

“ನಮ್ಮ ಓಣಿಗೆ ನೀರಿನ ನಳ ಹಾಕಿಸಬೇಕಂತ ಠರಾವು ಮಂಡಸ್ತೇನ್ರಿ.”

“ಅನುಮೋದಕರು ಯಾರ್ರಿ?” ಅಧ್ಯಕ್ಷರು ಕೇಳಿದರು.

ಗಂಡಸರೆಲ್ಲ ಭಜಿಯ ತಟ್ಟೆಯತ್ತ ಕೈ ಚಾಚಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಡೆಗೆ ಇನ್ನೊಬ್ಬ ಸದಸ್ಯೆ, ಜೈತುನಬಿ ಚಾಚಿ, ಎದ್ದು ನಿಂತಳು: “ನಾ ಅದೀನಲ್ರಿ, ಬರಕೋರಿ!”

“ಒಪ್ಪಿದವರು ಕೈ ಎತ್ರಿ,” ಎಂದರು ಅಧ್ಯಕ್ಷರು.

ರೂಢಿಯಂತೆ ಎಲ್ಲರಿಗಿಂತ ಮೊದಲು ಅಪ್ಪನ ಕೈ ಮೇಲೆದ್ದಿತು. ಅವ್ವ ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ನಿಮ್ಮದು ಎಣಿಕಿಗೆ ಬರಂಗಿಲ್ರಿ,” ಎಂದು ತನ್ನ ಬಳೆಗೈ ಎತ್ತಿದಳು.