ಹಳ್ಳಕ್ಕೆ ಹೊರಟ ಮದುಮಗಳು

ಸ್ಕೂಟಿಯನ್ನು ದಾರಿಗೆ ಅಡ್ಡ ನಿಲ್ಲಿಸಿ ಗಂಗೋತ್ರಿ ಎರಡೂ ಕೈ ಅಗಲಿಸಿ ನಿಂತಳು. ಹಲಗೆ ಬಡಿಯುತ್ತ ಬರುತ್ತಿದ್ದ ಮೆರವಣಿಗೆ ಗಕ್ಕನೆ ನಿಂತಿತು. ಮುಂದೆ ಎರ್ರೆಮ್ಮ, ಅವಳ ತಲೆಯ ಮೇಲೆ ಅರಿಶಿನ ಬಳಿದ ಮಡಕೆ, ಮಡಕೆಯಲ್ಲಿ ಬೇವಿನ ಸೊಪ್ಪಿನ ನಡುವೆ ಎರಡು ಕಪ್ಪೆ. ಮಳೆ ಬರಲಿ ಎಂದು ಊರವರು ಬೆಳಿಗ್ಗೆ ಅವಕ್ಕೆ ಮದುವೆ ಮಾಡಿಸಿದ್ದರು. ಈಗ ಜೋಡಿಯನ್ನು ಗುಡ್ಡದ ಕಾಡಿನ ಹಳ್ಳಕ್ಕೆ ಬಿಡಲು ಹೊರಟಿದ್ದರು.

“ದೊಡ್ಡವ್ವ, ಹೆಣ್ಣು ಕಪ್ಪಿ ಎಲ್ಲೀದು?”

“ಗಣಿ ಹೊಂಡದ್ದು,” ಎಂದಳು ಎರ್ರೆಮ್ಮ ಹೆಮ್ಮೆಯಿಂದ. “ಗಂಡು ಹಳ್ಳದ್ದು. ಎರಡೂ ಒಂದೇ ನೀರಿನವು ಆದ್ರ ಅಣ್ಣ-ತಂಗಿ ಆಗ್ತಾವಲ್ಲ. ಅಷ್ಟೂ ತಿಳೀದವ್ರೇನು ನಾವು?”

ಗಂಗೋತ್ರಿಗೆ ಅಳು ಬಂತು. ಕಪ್ಪೆಗಳ ರೋಗದ ಅಧ್ಯಯನಕ್ಕೆಂದು ಮೂರು ವರ್ಷದಿಂದ ವಾರ ವಾರವೂ ಹೊಸಪೇಟೆಯಿಂದ ಸಂಡೂರಿಗೆ ಬಂದು ಈ ಗುಡ್ಡ ಹತ್ತಿದ್ದಾಳೆ. ಹೊಂಡದ ಕಪ್ಪೆಗಳ ಚರ್ಮಕ್ಕೆ ಒಂದು ಬಗೆಯ ಬೂಷ್ಟು ಹತ್ತಿದೆ. ಹಳ್ಳದ ಕಪ್ಪೆಗಳು ಇವತ್ತಿನವರೆಗೂ ಚೊಕ್ಕವಾಗಿವೆ. ಒದ್ದೆ ಬೂಟಿನ ಅಡಿಯಲ್ಲೂ ಆ ರೋಗ ದಾಟಬಲ್ಲದು ಎಂದು, ಹೊಂಡಕ್ಕೆ ಇಳಿದ ಬೂಟನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯದೆ ಅವಳು ಒಂದು ದಿನವೂ ಹಳ್ಳದ ಕಡೆ ಹೋದವಳಲ್ಲ. ಇವರು ನೋಡಿದರೆ ರೋಗವನ್ನೇ ತಲೆಯ ಮೇಲೆ ಹೊತ್ತು ಹಲಗೆ ಬಡಿದುಕೊಂಡು ಹೊರಟಿದ್ದಾರೆ!

ಹೊಸ ರುಮಾಲು ಸುತ್ತಿದ್ದ ಪಾಲಯ್ಯ ಮುಂದೆ ಬಂದ. ಅರಣ್ಯ ಇಲಾಖೆಯ ವಾಚರ್. ಮೂರು ವರ್ಷವೂ ಅವಳ ಜೊತೆ ಗುಡ್ಡ ತಿರುಗಿದವನು. ಬೆಳಿಗ್ಗೆ ಫೋನ್ ಮಾಡಿ ಮದುವೆಗೆ ಕರೆದವನೂ ಅವನೇ.

“ಪಾಲಯ್ಯಣ್ಣ, ನಿಮಗಾದ್ರೂ ಗೊತ್ತಾಗಬಾರದೇನ್ರಿ?”

“ಗಂಡಿನ ಕಡೆ ಹಿರೇತನ ನಂದಾತ್ರಿ ಮೇಡಂ, ಏನ್ ಮಾಡ್ಲಿ. ಆದ್ರ ನೀವು ಹೇಳಿದ್ದು ಮರ್ತಿಲ್ಲ. ಬೂಟು ತೊಳಕೊಂಡೇ ಬಂದೀನಿ,” ಎಂದು ಪಾಲಯ್ಯ ಕಾಲೆತ್ತಿ ತೋರಿಸಿದ. ನಿಜವಾಗಿಯೂ ತೊಳೆದಿದ್ದ. ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯಿತು.

“ಜಡ್ಡು ಬೂಟಿಗಲ್ಲಣ್ಣ, ಕಪ್ಪಿಗೆ!”

ಎರ್ರೆಮ್ಮ ಮಡಕೆ ಇಳಿಸಿ ಒಳಗೆ ಇಣುಕಿದಳು. “ಎಲ್ಲೈತಿ ಜಡ್ಡು? ಹೆಂಗ ಲಕಲಕ ಅಂತಾಳ ನೋಡು ಹುಡುಗಿ.”

“ಹೊಂಡದ ಸುತ್ತ ಒಂದು ಮರ ಇಲ್ಲ ದೊಡ್ಡವ್ವ. ನೀರು ಬಿಸಿಲಿಗೆ ಕಾಯ್ತೈತಿ, ಬೂಷ್ಟು ಜೋರು ಮಾಡಂಗಿಲ್ಲ. ಅದಕ್ಕ ಆಕಿ ಬದುಕ್ಯಾಳ. ಹಳ್ಳದಾಗ ಕಾಡಿನ ನೆಳ್ಳು, ತಣ್ಣನ ನೀರು. ಅಲ್ಲಿ ಹೋದ್ರ ಅದೇ ಬೂಷ್ಟು ಎಲ್ಲಾ ಕಪ್ಪಿಗೂ ಹಬ್ಬತೈತಿ. ಒಂದೂ ಉಳಿಯಂಗಿಲ್ಲ.”

ಪಾಲಯ್ಯ ಗಲ್ಲ ಕೆರೆದುಕೊಂಡ. “ಅಂದ್ರ ಮರ ಇದ್ರ ಜಡ್ಡು, ಮರ ಕಡದ್ರ ಚಲೋ ಅಂತೀರೇನ್ರಿ?”

ಹೋದ ತಿಂಗಳು ಗಣಿಗೆ ಸಂಬಂಧಿಸಿದ ಸಭೆಯೊಂದರಲ್ಲಿ ಕೋಟು ಹಾಕಿದ್ದವರೊಬ್ಬರು ಇದೇ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ ಟೀ ಕುಡಿಯಲು ಎದ್ದು ಹೋಗಿದ್ದರು. ಗಂಗೋತ್ರಿಯ ಸಹನೆ ಮುಗಿಯಿತು. “ಕಾಡೇನು ಜಡ್ಡು ಹುಟ್ಟಸಲಿಲ್ಲಣ್ಣ! ಹೊತ್ಕೊಂಡು ಹೋಗೋರು ನಾವು!”

“ಸಿಟ್ಟಾಗಬ್ಯಾಡವ್ವ,” ಎಂದಳು ಎರ್ರೆಮ್ಮ. “ಮದುವಿ ಆದ ಹೆಣ್ಣನ್ನ ಗಂಡನ ಮನಿಗೆ ಕಳಸಬ್ಯಾಡ ಅಂದ್ರ ಹೆಂಗ? ತವರಿಗೆ ವಾಪಸ್ ತಂದು ಬಿಟ್ರ ಮಳಿ ಬರ್ತೈತೇನು?”

ಇನ್ನು ವಿಜ್ಞಾನ ಹೇಳಿ ಉಪಯೋಗವಿಲ್ಲ ಎಂದು ಗಂಗೋತ್ರಿಗೆ ಗೊತ್ತಾಯಿತು. “ಹಂಗಾರ ಗಂಡನ್ನ ಮನಿ ಅಳಿಯ ಮಾಡ್ಕೊಳ್ರಿ. ಇಬ್ಬರನ್ನೂ ಹೊಂಡಕ್ಕ ಬಿಡ್ರಿ.”

ಪಾಲಯ್ಯನ ಮುಖ ಕೆಂಪಾಯಿತು. “ನಮ್ಮ ಹುಡುಗ ಮನಿ ಅಳಿಯ? ನಮ್ಮ ಕಡೆ ಯಾರೂ ಹಂಗ ಹೋಗಿಲ್ರಿ!”

“ಯಾಕ, ನಮ್ಮ ಮನ್ಯಾಗ ಕೂಳಿಗೇನು ಕಮ್ಮಿ ಐತಿ?” ಹೆಣ್ಣಿನ ಕಡೆಯ ಹಿರಿಯಳಾದ ಎರ್ರೆಮ್ಮ ಸೊಂಟಕ್ಕೆ ಕೈ ಕೊಟ್ಟಳು. ಅಲ್ಲಿಂದ ಮುಂದೆ ಅರ್ಧ ಗಂಟೆ ಎರಡೂ ಕಡೆಯವರು ಬಿಸಿಲಲ್ಲಿ ನಿಂತು ಒಂದು ಕಪ್ಪೆಯ ಮಾನಕ್ಕಾಗಿ ಜಗಳವಾಡಿದರು. ಮಡಕೆಯ ಮೇಲೆ ಯಾರಾದರೂ ನೀರು ಚಿಮುಕಿಸಿ ಎಂದು ಹೇಳುವುದಕ್ಕೂ ಗಂಗೋತ್ರಿಯೇ ಬೇಕಾಯಿತು. ಕೊನೆಗೆ ಪಾಲಯ್ಯ ಒಂದು ಮಾತಿನ ಮೇಲೆ ಒಪ್ಪಿದ: ಮೇಡಂ ತಾವೇ ಅಳಿಯನಿಗೆ ಬಟ್ಟೆ ಹೊದಿಸಿ ಮರ್ಯಾದೆ ಮಾಡಬೇಕು. ಅವಳು ಕರವಸ್ತ್ರ ತೆಗೆದು ಮಡಕೆಯ ಕೊರಳಿಗೆ ಸುತ್ತಿದಳು. ನೆರೆದವರು ಚಪ್ಪಾಳೆ ತಟ್ಟಿದರು.

ಮೆರವಣಿಗೆ ಹೊಂಡದ ಕಡೆ ತಿರುಗಿತು. ಗಂಗೋತ್ರಿ ಸ್ಕೂಟಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದಳು. ಒಂದು ಗಂಡು ಕಪ್ಪೆ ಹೋದರೆ ಹೋಗಲಿ, ಹಳ್ಳ ಉಳಿಯಿತು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ನಗು ಬಂತು. ಸ್ಕೂಟಿ ತಳ್ಳುತ್ತ ಎರ್ರೆಮ್ಮನ ಪಕ್ಕದಲ್ಲಿ ನಡೆದಳು.

“ನನ್ನ ಮಾತು ಕೇಳಿದ್ರಲ್ಲ ದೊಡ್ಡವ್ವ, ಭಾಳ ಉಪಕಾರ ಆತು.”

“ಅದಿರ್ಲಿ ಬಿಡವ್ವ. ಮುಂದ ಹೋದ ನಮ್ಮ ಮಂದಿಗೆ ಈಗ ಏನು ಹೇಳೋದು ಅಂತ ಯೋಚನಿ ಮಾಡಾಕತ್ತೀನಿ.”

“ಯಾವ ಮಂದಿ?”

“ಮದುಮಗಳನ್ನ ಒಬ್ಬಾಕಿನ್ನೇ ಕಳಸ್ತಾರೇನು ಯಾರಾದ್ರೂ? ಹೆಣ್ಣಿನ ಕಡೇರು ಅಂತ ಹೊಂಡದಾಗಿಂದ ಇಪ್ಪತ್ತೊಂದು ಕಪ್ಪಿ ಹಿಡದು ಮುಂಜಾನೇನ ಹಳ್ಳಕ್ಕ ಬಿಟ್ಟು ಬಂದೀವಿ,” ಎಂದಳು ಎರ್ರೆಮ್ಮ. “ಪಾಪ, ಅವು ಅಲ್ಲೇ ಇವರ ದಾರಿ ಕಾಯ್ತಿರ್ತಾವ.”